ಮಕ್ಕಳ ಚಾಚಿದ ಕಿವಿ: ದೋಷ ಎಲ್ಲಿದೆ, ತಿದ್ದುವುದು ಹೇಗೆ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ, ಶಾಲೆಯ ದಿನಗಳಲ್ಲಿ ಮುಂದೂಡುತ್ತ ಬಂದ ಮಕ್ಕಳ ಚಿಕಿತ್ಸೆಗಳ ಮಾತು ಮನೆಗಳಲ್ಲಿ ಮತ್ತೆ ಮೇಲೇಳುತ್ತದೆ. ಟಾನ್ಸಿಲ್, ಕನ್ನಡಕ, ಹಲ್ಲಿನ ತಂತಿ ಇವುಗಳ ಸಾಲಿಗೆ ಈಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ಹೊರಕ್ಕೆ ಚಾಚಿಕೊಂಡಿರುವ ಕಿವಿಯನ್ನು ಆಪರೇಷನ್ ಮಾಡಿ ತಲೆಯ ಹತ್ತಿರಕ್ಕೆ ಸರಿಸಬಹುದಂತೆ, ಹೌದೇ? ಮೊಬೈಲ್ ತೆರೆದರೆ ‘ಮೊದಲು’, ‘ಆಮೇಲೆ’ ಎಂಬ ಜೋಡಿ ಚಿತ್ರಗಳೂ ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ ಎಂಬ ಜಾಹೀರಾತುಗಳೂ ಕಾಣಸಿಗುತ್ತವೆ. ಕಿವಿ ಯಾಕೆ ಚಾಚಿತ್ತು, ಅದನ್ನು ಹಿಂದಕ್ಕೆ ತರಲು ವೈದ್ಯರು ಏನು ಮಾಡಿದರು ಎಂಬುದು ಮಾತ್ರ ಆ ಚಿತ್ರಗಳಿಂದ ತಿಳಿಯುವುದಿಲ್ಲ.

ಚಾಚಿದ ಕಿವಿ ರೋಗವಲ್ಲ. ಅದರಿಂದ ಕೇಳುವ ಶಕ್ತಿ ಕುಂದುವುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ನಾವು ತಿಳಿದಿರುವಂತೆ ದೊಡ್ಡ ಕಿವಿಯೂ ಅಲ್ಲ. ಅಳತೆಯಲ್ಲಿ ಎಲ್ಲರಂತೆಯೇ ಇರುವ ಕಿವಿಯೊಳಗೆ ಒಂದು ಮಡಿಕೆ ಸರಿಯಾಗಿ ಮೂಡದೆ ಉಳಿದಿರುತ್ತದೆ, ಇಲ್ಲವೇ ಒಂದು ತಗ್ಗು ಇರಬೇಕಾದುದಕ್ಕಿಂತ ಆಳವಾಗಿರುತ್ತದೆ. ಇವೆರಡರಲ್ಲಿ ಯಾವುದು ಎಂಬುದರ ಮೇಲೆ ಚಿಕಿತ್ಸೆಯ ವಿಧಾನ ನಿಂತಿದೆ. ಮಗುವಿನ ವಯಸ್ಸು ವಾರಗಳಲ್ಲಿದೆಯೋ ವರ್ಷಗಳಲ್ಲಿದೆಯೋ ಎಂಬುದರ ಮೇಲೆ ಆಪರೇಷನ್ ಬೇಕೋ ಬೇಡವೋ ಎಂಬುದು ನಿಂತಿದೆ.

## ಹೊರಕಿವಿಯ ರಚನೆ

ನಿಮ್ಮ ಕಿವಿಯ ಮೇಲೆಯೇ ಬೆರಳಾಡಿಸಿದರೆ ಮುಂದಿನ ವಿವರಣೆ ಸುಲಭವಾಗುತ್ತದೆ. ಕಿವಿಯ ತುದಿಯುದ್ದಕ್ಕೂ ಸುರುಳಿಯಂತೆ ಒಳಕ್ಕೆ ಬಾಗಿದ ಏಣು ಸಿಗುತ್ತದೆ. ಅದನ್ನು ಇಲ್ಲಿ ಹೊರಅಂಚು ಎಂದು ಕರೆಯೋಣ. ಅದರ ಒಳಗೆ, ಅದಕ್ಕೆ ಸಮಾಂತರವಾಗಿ ಸಾಗಿ ಮೇಲ್ಭಾಗದಲ್ಲಿ ಎರಡಾಗಿ ಕವಲೊಡೆಯುವ ಇನ್ನೊಂದು ದಿಣ್ಣೆಯಿದೆ, ಅದು ಒಳಮಡಿಕೆ. ಒಳಮಡಿಕೆಯನ್ನು ದಾಟಿದರೆ ಕಿವಿಯ ರಂಧ್ರದ ಸುತ್ತಲಿನ ತಗ್ಗು, ಅಂದರೆ ಬಟ್ಟಲು. ಎಲ್ಲಕ್ಕಿಂತ ಕೆಳಗೆ ಓಲೆ ಹಾಕುವ ಮೆತ್ತನೆಯ ಭಾಗವಾದ ಹಾಲೆ.

ಹಾಲೆಯೊಂದನ್ನು ಬಿಟ್ಟು ಉಳಿದ ಹೊರಕಿವಿಯೆಲ್ಲ ಮೃದ್ವಸ್ಥಿಯ ಒಂದೇ ಹಾಳೆಯಿಂದ ಆಗಿದೆ. ಮೃದ್ವಸ್ಥಿ ಎಂದರೆ ಎಲುಬಿನಷ್ಟು ಗಡುಸಲ್ಲದ, ಚರ್ಮದಷ್ಟು ಮೆತ್ತಗೂ ಅಲ್ಲದ ಅಂಗಾಂಶ. ಕಿವಿಯನ್ನು ಮಡಚಿ ಬಿಟ್ಟರೆ ಅದು ಮರುಕ್ಷಣವೇ ಮೊದಲಿನ ಆಕಾರಕ್ಕೆ ಮರಳುತ್ತದೆ. ಪೆಟ್ಟು ಬಿದ್ದಾಗ ನಮ್ಮನ್ನು ಕಾಯುವ ಈ ಗುಣವೇ ಕಿವಿಯ ಆಕಾರ ಬದಲಿಸಲು ಹೊರಟ ವೈದ್ಯರಿಗೆ ದೊಡ್ಡ ತೊಡಕು. ಚಾಚಿದ ಕಿವಿಯ ಚಿಕಿತ್ಸೆಯ ಇತಿಹಾಸವೆಲ್ಲ ಈ ಮರುಜಿಗಿತವನ್ನು ಹೇಗೆ ಗೆಲ್ಲುವುದು ಎಂಬ ಪ್ರಶ್ನೆಯ ಸುತ್ತಲೇ ಬೆಳೆದಿದೆ.

ಒಳಮಡಿಕೆ ಚೆನ್ನಾಗಿ ಮೂಡಿದ್ದರೆ ಕಿವಿಯ ಮೇಲ್ಭಾಗ ತಾನಾಗಿಯೇ ತಲೆಯ ಕಡೆಗೆ ಬಾಗಿರುತ್ತದೆ. ಅದು ಮೂಡದಿದ್ದರೆ ಆ ಭಾಗ ಚಪ್ಪಟೆಯಾಗಿ ಹೊರಕ್ಕೆ ತೆರೆದುಕೊಳ್ಳುತ್ತದೆ. ಬಟ್ಟಲು ಆಳವಾಗಿದ್ದರೆ ಅದರ ಗೋಡೆ ಎತ್ತರವಾಗಿ, ಇಡೀ ಕಿವಿಯನ್ನು ತಲೆಯಿಂದ ದೂರಕ್ಕೆ ತಳ್ಳುತ್ತದೆ. ಅನೇಕರಲ್ಲಿ ಎರಡೂ ಸೇರಿರುತ್ತವೆ. ಕೆಲವರಲ್ಲಿ ಹಾಲೆಯೂ ಮುಂದಕ್ಕೆ ಬಂದಿರುತ್ತದೆ. ಎರಡು ಕಿವಿಗಳಲ್ಲಿ ಒಂದು ಹೆಚ್ಚು, ಇನ್ನೊಂದು ಕಡಿಮೆ ಚಾಚಿರುವುದೂ ಉಂಟು.

ಗರ್ಭ ಸುಮಾರು ಐದಾರು ವಾರಗಳದ್ದಾಗಿದ್ದಾಗ ಭ್ರೂಣದ ಕತ್ತಿನ ಬಳಿ ಮೂಡುವ ಆರು ಸಣ್ಣ ಉಬ್ಬುಗಳು ಕೂಡಿಕೊಂಡು ಹೊರಕಿವಿಯಾಗುತ್ತದೆ. ಮಡಿಕೆಗಳು ಅದರ ನಂತರದ ತಿಂಗಳುಗಳಲ್ಲಿ ಮೂಡುತ್ತವೆ. ಚಾಚಿದ ಕಿವಿ ಬಹಳಷ್ಟು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ತಂದೆ, ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಮಗುವಿನಲ್ಲಿ ಕಾಣಿಸಿಕೊಳ್ಳಬಹುದು. ಆದರೆ ಅಜ್ಜನಲ್ಲಿ ಎದ್ದು ಕಂಡದ್ದು ಮೊಮ್ಮಗಳಲ್ಲಿ ಅಷ್ಟಕ್ಕಷ್ಟೇ ಇರಬಹುದು. ಬಸುರಿ ಗ್ರಹಣ ನೋಡಿದ್ದರಿಂದಲೋ ಒಂದೇ ಮಗ್ಗುಲಿಗೆ ಮಲಗಿದ್ದರಿಂದಲೋ ಹೀಗಾಯಿತೆಂದು ತಾಯಿಯ ಮೇಲೆ ತಪ್ಪು ಹೊರಿಸುವ ಮಾತು ನಮ್ಮ ಕಲಬುರಗಿ ಕಡೆ ಇನ್ನೂ ಕೇಳಿಬರುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಹುಟ್ಟಿನಿಂದಲೇ ಹೊರಕಿವಿ ಬೆಳೆಯದೆ ಒಂದು ಸಣ್ಣ ಮಾಂಸದ ಗಂಟಿನಂತೆ ಉಳಿದಿರುವ ಸ್ಥಿತಿ ಬೇರೆಯದೇ. ಅಲ್ಲಿ ಕಿವಿಯ ರಂಧ್ರವೂ ಮುಚ್ಚಿರಬಹುದು, ಶ್ರವಣ ಪರೀಕ್ಷೆ ತಡವಿಲ್ಲದೆ ಆಗಬೇಕು, ಹೊಸ ಕಿವಿಯನ್ನೇ ಕಟ್ಟಬೇಕಾದ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಈ ಲೇಖನದ ಮಾತುಗಳು ಅದಕ್ಕೆ ಅನ್ವಯಿಸುವುದಿಲ್ಲ.

## ಎಷ್ಟು ಚಾಚಿದರೆ ‘ಚಾಚಿದ ಕಿವಿ’?

ವೈದ್ಯರು ಎರಡು ಅಳತೆಗಳನ್ನು ನೋಡುತ್ತಾರೆ. ಮೊದಲನೆಯದು ತಲೆಗೂ ಕಿವಿಗೂ ನಡುವಿನ ಕೋನ. ಸಾಮಾನ್ಯವಾಗಿ ಅದು 20ರಿಂದ 30 ಡಿಗ್ರಿಯಷ್ಟಿರುತ್ತದೆ. ಎರಡನೆಯದು ಕಿವಿಯ ಹೊರಅಂಚಿನಿಂದ ತಲೆಗಿರುವ ದೂರ. ಇದು ಮೇಲ್ಭಾಗದಲ್ಲಿ ಸುಮಾರು 10ರಿಂದ 12 ಮಿಲಿಮೀಟರ್, ನಡುವಿನಲ್ಲಿ 16ರಿಂದ 18, ಕೆಳಭಾಗದಲ್ಲಿ 20ರಿಂದ 22 ಮಿಲಿಮೀಟರ್ ಇರುವುದು ವಾಡಿಕೆ. ಕಿವಿಯ ನಡುಭಾಗ ತಲೆಯಿಂದ 20 ಮಿಲಿಮೀಟರಿಗಿಂತ ದೂರವಿದ್ದರೆ ಅದನ್ನು ಚಾಚಿದ ಕಿವಿ ಎಂದು ಪರಿಗಣಿಸುತ್ತಾರೆ. ಎರಡು ಮಿಲಿಮೀಟರಿನ ವ್ಯತ್ಯಾಸ ಅಳತೆಪಟ್ಟಿಗೆ ಸಿಕ್ಕರೂ ಎದುರಿಗಿರುವವರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಈ ಅಂಕಿಗಳು ಆಪರೇಷನ್ನಿಗೆ ಕಾರಣವಾಗಬೇಕಿಲ್ಲ. ಯಾವ ಭಾಗವನ್ನು ಎಷ್ಟು ಸರಿಸಬೇಕು ಎಂಬ ಲೆಕ್ಕಕ್ಕೆ ಅವು ನೆರವಾಗುತ್ತವೆ.

ಮನೆಯಲ್ಲಿ ಮೊಬೈಲಿನಿಂದ ತೆಗೆದ ಚಿತ್ರವನ್ನು ನೋಡಿ ತೀರ್ಮಾನಿಸುವುದು ಸರಿಯಲ್ಲ. ಮುಖಕ್ಕೆ ತೀರ ಹತ್ತಿರ ಹಿಡಿದ ಕ್ಯಾಮೆರಾದಲ್ಲಿ ಮೂಗು ದೊಡ್ಡದಾಗಿಯೂ ಕಿವಿ ಹಿಂದೆ ಸರಿದಂತೆಯೂ ಕಾಣುತ್ತದೆ. ತುಸು ದೂರದಿಂದ ತೆಗೆದರೆ ಅದೇ ಕಿವಿ ಮುಂದೆ ಬರುತ್ತದೆ. ಆಸ್ಪತ್ರೆಯಲ್ಲಿ ನಿಗದಿತ ದೂರದಲ್ಲಿ ನಿಲ್ಲಿಸಿ ಎದುರಿನಿಂದ, ಎರಡೂ ಬದಿಯಿಂದ, ಹಿಂದಿನಿಂದ ಚಿತ್ರ ತೆಗೆಯುವುದಕ್ಕೆ ಇದೂ ಒಂದು ಕಾರಣ.

## ಹುಟ್ಟಿದ ಮೊದಲ ವಾರಗಳ ಅವಕಾಶ

ಚಾಚಿದ ಕಿವಿಯನ್ನು ಚಾಕು ಮುಟ್ಟಿಸದೆಯೇ ತಿದ್ದಬಹುದಾದ ಒಂದು ಅವಧಿಯಿದೆ. ಅದು ಎಷ್ಟು ಚಿಕ್ಕದೆಂದರೆ ಹೆಚ್ಚಿನ ತಂದೆ-ತಾಯಿಗಳಿಗೆ ಗೊತ್ತಾಗುವಷ್ಟರಲ್ಲಿ ಮುಗಿದುಹೋಗಿರುತ್ತದೆ.

ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಈಸ್ಟ್ರೋಜೆನ್ ಹಾರ್ಮೋನು ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ರಕ್ತದಲ್ಲಿ ಇನ್ನೂ ಹೆಚ್ಚಾಗಿಯೇ ಇರುತ್ತದೆ. ಅದರ ಪ್ರಭಾವದಿಂದ ಮೃದ್ವಸ್ಥಿಯಲ್ಲಿ ಹೈಲುರಾನಿಕ್ ಆಮ್ಲದ ಪ್ರಮಾಣ ಹೆಚ್ಚಿದ್ದು, ಕಿವಿ ಬಾಗಿಸಿದ ಕಡೆಗೆ ಬಾಗಿ ಅಲ್ಲಿಯೇ ನಿಲ್ಲುವಷ್ಟು ಮೆತ್ತಗಿರುತ್ತದೆ. ಸುಮಾರು ಆರು ವಾರಗಳಲ್ಲಿ ಈ ಹಾರ್ಮೋನಿನ ಮಟ್ಟ ಇಳಿದು ಮೃದ್ವಸ್ಥಿ ತನ್ನ ಬಿಗಿತವನ್ನು ಪಡೆಯುತ್ತದೆ. ಹಂಚಿನಿಂದ ಆಗಷ್ಟೇ ಇಳಿಸಿದ ಜೋಳದ ರೊಟ್ಟಿಯನ್ನು ಹೇಗೆ ಬೇಕಾದರೂ ಮಡಚಬಹುದು, ಮಡಚಿಟ್ಟ ಆಕಾರದಲ್ಲಿಯೇ ಅದು ಒಣಗುತ್ತದೆ. ಚಪ್ಪಟೆಯಾಗಿ ಒಣಗಿ ಖಡಕ್ ಆದ ಮೇಲೆ ಅದನ್ನು ಮಡಚುವ ಹಾಗಿಲ್ಲ. ಕಿವಿ ರೊಟ್ಟಿಯಂತೆ ಮುರಿಯುವುದಿಲ್ಲ, ಹಳೆಯ ಆಕಾರಕ್ಕೆ ಜಿಗಿಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಹೊತ್ತು ಮೀರುವ ರೀತಿ ಎರಡರಲ್ಲೂ ಒಂದೇ.

ಜಪಾನಿನ ಕಿಯೋಶಿ ಮಾತ್ಸುವೊ ಮತ್ತು ಸಂಗಡಿಗರು ಎಳೆಗೂಸಿನ ಕಿವಿಯ ಈ ಮೆತುವನ್ನು ಬಳಸಿ ಶಸ್ತ್ರಚಿಕಿತ್ಸೆಯಿಲ್ಲದೆ ಆಕಾರ ತಿದ್ದುವ ಕ್ರಮವನ್ನು 1984ರಲ್ಲಿ ಪ್ರಕಟಿಸಿದರು. ಮೆತ್ತನೆಯ ಅಚ್ಚನ್ನು ಕಿವಿಯ ಅಂಚು ಮತ್ತು ಮಡಿಕೆಯ ನಡುವೆ ಕೂರಿಸಿ, ಚರ್ಮಕ್ಕೆ ತೊಂದರೆ ಕೊಡದ ಅಂಟುಪಟ್ಟಿಯಿಂದ ಹಿಡಿದು ನಿಲ್ಲಿಸುತ್ತಾರೆ. ಮಗು ಹುಟ್ಟಿದ ಮೊದಲ ಎರಡು ಮೂರು ವಾರಗಳಲ್ಲಿ ಆರಂಭಿಸಿದರೆ ಫಲಿತಾಂಶ ಹೆಚ್ಚು ಚೆನ್ನಾಗಿರುತ್ತದೆ, ಮತ್ತು ಕೆಲವೇ ವಾರಗಳ ಕಾಲ ಅಚ್ಚು ಇದ್ದರೆ ಸಾಕಾಗುತ್ತದೆ. ತಡವಾದಷ್ಟೂ ಅಚ್ಚನ್ನು ಹೆಚ್ಚು ದಿನ ಇಡಬೇಕಾಗುತ್ತದೆ, ಫಲ ಕಡಿಮೆಯಾಗುತ್ತದೆ. ಇದರಿಂದ ಆಗಬಹುದಾದ ತೊಂದರೆಯೆಂದರೆ ಬಹುಮಟ್ಟಿಗೆ ಚರ್ಮ ಕೆಂಪಾಗುವುದು, ಒತ್ತಿದ ಕಡೆ ಸಣ್ಣ ಹುಣ್ಣಾಗುವುದು. ಹಾಗಾಗಿ ಆಗಾಗ ತೆಗೆದು ನೋಡಲೇಬೇಕು.

ಬಾಣಂತನದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ತಲೆ, ಮೂಗು, ಕಿವಿ ತಿದ್ದುವುದು ಈ ಭಾಗದ ಹಳೆಯ ರೂಢಿ. ದಿನಕ್ಕೆ ಐದು ನಿಮಿಷ ಕಿವಿಯನ್ನು ಒತ್ತಿ ಬಿಡುವುದರಿಂದ ಮಡಿಕೆ ಮೂಡುವುದಿಲ್ಲ. ರಾತ್ರಿ-ಹಗಲು ಬಿಡದೆ ವಾರಗಟ್ಟಲೆ ಹಿಡಿದಿಟ್ಟಾಗಲೇ ಅದು ನಿಲ್ಲುತ್ತದೆ. ಕುಲಾಯಿ ಬಿಗಿಯಾಗಿ ಕಟ್ಟುವುದೂ ಅದಕ್ಕೆ ಬದಲಿಯಲ್ಲ, ಏಕೆಂದರೆ ಅದು ಕಿವಿಯನ್ನು ಚಪ್ಪಟೆಯಾಗಿ ಒತ್ತುತ್ತದೆಯೇ ಹೊರತು ಒಳಮಡಿಕೆಯ ಜಾಗದಲ್ಲಿ ಬಾಗಿಸುವುದಿಲ್ಲ. ಟೊಪ್ಪಿಗೆಯೊಳಗೆ ಕಿವಿ ಮುಂದಕ್ಕೆ ಮಡಚಿಕೊಂಡರೆ ಪರಿಣಾಮ ತಿರುಗಾಮುರುಗಾ ಆದೀತು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡುವ ವ್ಯವಸ್ಥೆ ಇದೆ. ಆ ಆರು ಭೇಟಿಗಳು ಕಿವಿ ಮೆತ್ತಗಿರುವ ಆರು ವಾರಗಳ ಮೇಲೆಯೇ ಬೀಳುತ್ತವೆ ಎಂಬುದು ಕಾಕತಾಳೀಯವಾದರೂ ಉಪಯೋಗಕ್ಕೆ ಬರುವಂಥದ್ದು. ಕೂಸಿನ ಕಿವಿ ಮಡಚಿಕೊಂಡಿದೆ ಅಥವಾ ಚಪ್ಪಟೆಯಾಗಿದೆ ಎನಿಸಿದರೆ ಮೊದಲ ಒಂದೆರಡು ಭೇಟಿಗಳಲ್ಲಿಯೇ ಹೇಳಿ, ಮಕ್ಕಳ ವೈದ್ಯರಿಗೆ ತೋರಿಸಬಹುದು. ಹುಟ್ಟಿದಾಗ ಮಡಚಿದಂತೆ ಕಾಣುವ ಕೆಲವು ಕಿವಿಗಳು ತಾವಾಗಿಯೇ ಸರಿಹೋಗುತ್ತವೆ. ಹುಟ್ಟಿದಾಗ ಸರಿಯಿದ್ದು ಆಮೇಲೆ ಚಾಚಿಕೊಳ್ಳುವ ಕಿವಿಗಳೂ ಇವೆ. ಆದ್ದರಿಂದ ಅಚ್ಚು ಬೇಕೋ ಬೇಡವೋ ಎಂಬುದನ್ನು ಕಿವಿ ನೋಡಿದ ವೈದ್ಯರೇ ಹೇಳಬೇಕು.

## ಆಪರೇಷನ್ನಿಗೆ ತಕ್ಕ ವಯಸ್ಸು

ಮೊದಲ ವಾರಗಳು ಕಳೆದ ಮೇಲೆ ಉಳಿಯುವ ದಾರಿ ಶಸ್ತ್ರಚಿಕಿತ್ಸೆ, ಮತ್ತು ಅದಕ್ಕೆ ಕೆಲವು ವರ್ಷ ಕಾಯಬೇಕು. ಮೂರನೆಯ ವಯಸ್ಸಿಗೆ ಕಿವಿ ದೊಡ್ಡವರ ಕಿವಿಯ ಅಳತೆಯ ಸುಮಾರು ಶೇ 85ರಷ್ಟು ಬೆಳೆದಿರುತ್ತದೆ. ಐದಾರು ವರ್ಷಕ್ಕೆ ಬೆಳವಣಿಗೆಯ ಬಹುಪಾಲು ಮುಗಿದಿರುತ್ತದೆ. ಆ ಹೊತ್ತಿಗೆ ಆಪರೇಷನ್ ಮಾಡಿದರೆ ಮುಂದಿನ ಬೆಳವಣಿಗೆಗೆ ಹೇಳಿಕೊಳ್ಳುವಂಥ ಅಡ್ಡಿಯಿಲ್ಲ. ತೀರ ಚಿಕ್ಕ ಮಕ್ಕಳ ಮೃದ್ವಸ್ಥಿ ಹೊಲಿಗೆಯನ್ನು ಹಿಡಿದಿಟ್ಟುಕೊಳ್ಳುವಷ್ಟು ಗಟ್ಟಿಯಾಗಿರುವುದಿಲ್ಲ ಎಂಬುದೂ, ಕಟ್ಟನ್ನು ಕಿತ್ತೆಸೆಯದೆ ಇರುವಷ್ಟು ತಿಳಿವಳಿಕೆ ಅವರಿಗೆ ಬಂದಿರುವುದಿಲ್ಲ ಎಂಬುದೂ ಕಾಯುವುದಕ್ಕೆ ಇರುವ ಇನ್ನೆರಡು ಕಾರಣಗಳು. ಮೇಲ್ಮಿತಿ ಮಾತ್ರ ಇಲ್ಲ. ನಲವತ್ತರಲ್ಲಿ ಮಾಡಿಸಿಕೊಳ್ಳುವವರೂ ಇದ್ದಾರೆ. ವಯಸ್ಸಾದಂತೆ ಮೃದ್ವಸ್ಥಿ ಬಿರುಸಾಗುವುದರಿಂದ ಬಳಸುವ ತಂತ್ರ ಬದಲಾಗುತ್ತದೆ, ಅಷ್ಟೇ.

ಐದು-ಆರರ ವಯಸ್ಸು ಮಗು ಒಂದನೆಯ ತರಗತಿಗೆ ಕಾಲಿಡುವ ಹೊತ್ತೂ ಹೌದು. ಗಣಪನನ್ನು ಹಾಡಿ ಹೊಗಳುವಾಗ ಬರುವ ಮೊರದಗಲದ ಕಿವಿ ಶಾಲೆಯ ಅಂಗಳದಲ್ಲಿ ಹಂಗಿಸುವ ಮಾತಾಗುತ್ತದೆ, ಮತ್ತು ಆ ಹಂಗಿಕೆ ಕೆಲವು ಮಕ್ಕಳನ್ನು ನಿಜವಾಗಿಯೂ ಕುಗ್ಗಿಸುತ್ತದೆ. ಇನ್ನು ಕೆಲವು ಮಕ್ಕಳಿಗೆ ತಮ್ಮ ಕಿವಿಯ ಪರಿವೆಯೇ ಇರುವುದಿಲ್ಲ. ತಲೆಕೆಡಿಸಿಕೊಂಡವರು ಅಜ್ಜಿಯೋ ಸೋದರತ್ತೆಯೋ ಆಗಿರುತ್ತಾರೆ. ಅನುಭವಿ ವೈದ್ಯರು ಮಗುವನ್ನೇ ಮಾತನಾಡಿಸಿ ಬೇಡಿಕೆ ಯಾರದ್ದು ಎಂದು ತಿಳಿಯಲು ಯತ್ನಿಸುತ್ತಾರೆ. ತಾನೇ ಬೇಕೆಂದು ಕೇಳಿದ ಮಗು ಕಟ್ಟು, ನೋವು, ಪಟ್ಟಿಯನ್ನು ಸಹಿಸಿಕೊಳ್ಳುವ ರೀತಿಯೇ ಬೇರೆ. ಹದಿನೆಂಟರೊಳಗಿನವರ ಪರವಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಪಾಲಕರೇ ಆದರೂ, ಮಗುವಿಗೆ ಇಷ್ಟವಿಲ್ಲದಿದ್ದರೆ ಮುಂದೂಡುವುದರಿಂದ ವೈದ್ಯಕೀಯವಾಗಿ ಏನೂ ಕೆಡುವುದಿಲ್ಲ.

## ಆಪರೇಷನ್ ಥಿಯೇಟರಿನಲ್ಲಿ ನಡೆಯುವುದು

ಕಿವಿಯ ಮೇಲೆ ಶಸ್ತ್ರಕ್ರಿಯೆ ನಡೆಸುವುದು ಈ ನೆಲಕ್ಕೆ ಹೊಸದಲ್ಲ. ಭಾರವಾದ ಆಭರಣದಿಂದಲೋ ಪೆಟ್ಟಿನಿಂದಲೋ ಹರಿದ ಹಾಲೆಯನ್ನು ಜೋಡಿಸುವ ಹದಿನೈದು ಬಗೆಗಳನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಆದರೆ ಹರಿದುದನ್ನು ಕೂಡಿಸುವುದು ಒಂದು, ಹರಿಯದ ಕಿವಿಯ ಆಕಾರ ಬದಲಿಸುವುದು ಇನ್ನೊಂದು. ಜರ್ಮನಿಯ ಡೀಫೆನ್‌ಬಾಖ್ 1845ರಲ್ಲಿ ಕಿವಿಯ ಹಿಂದಿನ ಚರ್ಮವನ್ನು ಕತ್ತರಿಸಿ ಕಿವಿಯನ್ನು ಹಿಂದಕ್ಕೆ ಕೂರಿಸುವ ಕ್ರಮವನ್ನು ವಿವರಿಸಿದ. ಕೇವಲ ರೂಪಕ್ಕಾಗಿ ಚಾಚಿದ ಕಿವಿಯನ್ನು ತಿದ್ದಿದ ಮೊದಲಿಗನೆಂದು ಅಮೆರಿಕದ ಎಡ್ವರ್ಡ್ ಟಾಲ್ಬಟ್ ಈಲಿಯನ್ನು ಹೆಸರಿಸುತ್ತಾರೆ, ಅದು 1881ರಲ್ಲಿ. ದೋಷದ ಮೂಲ ಮೂಡದ ಒಳಮಡಿಕೆಯಲ್ಲಿದೆ ಎಂದು ಗುರುತಿಸಿದ್ದು 1910ರಲ್ಲಿ, ಲಕೆಟ್ ಎಂಬ ವೈದ್ಯ. ಚರ್ಮವನ್ನಷ್ಟೇ ಕತ್ತರಿಸಿ ಬಿಗಿದರೆ ಅದು ಕೆಲ ತಿಂಗಳಲ್ಲಿ ಹಿಗ್ಗಿ ಕಿವಿ ಮತ್ತೆ ಮುಂದಕ್ಕೆ ಬರುತ್ತದೆ, ತಿದ್ದಬೇಕಾದದ್ದು ಮೃದ್ವಸ್ಥಿಯನ್ನು ಎಂಬ ಅರಿವು ಅಲ್ಲಿಂದ ಗಟ್ಟಿಯಾಯಿತು.

ಇಂದು ನಡೆಯುವ ಕ್ರಮ ಹೀಗಿದೆ. ಚಿಕ್ಕ ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಹರೆಯದವರಿಗೆ ಮತ್ತು ದೊಡ್ಡವರಿಗೆ ಕಿವಿಯ ಸುತ್ತ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು ಸಾಕಾಗುತ್ತದೆ. ಆ ಮದ್ದಿನ ಜೊತೆ ಬೆರೆಸಿದ ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸಿ ರಕ್ತ ಹರಿಯುವುದನ್ನು ತಗ್ಗಿಸುತ್ತದೆ. ಕಿವಿ ಮತ್ತು ತಲೆ ಕೂಡುವ ಸಂದಿಯ ಬಳಿ, ಕಿವಿಯ ಹಿಂಬದಿಯಲ್ಲಿ ಛೇದ ಮಾಡಿ ಚರ್ಮವನ್ನು ಮೃದ್ವಸ್ಥಿಯಿಂದ ಬಿಡಿಸುತ್ತಾರೆ. ಕಲೆ ಅಲ್ಲಿಯೇ ಉಳಿಯುವುದರಿಂದ ಎದುರಿನಿಂದ ಕಾಣುವುದಿಲ್ಲ.

ಮುಂದಿನ ಹೆಜ್ಜೆ ದೋಷ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಒಳಮಡಿಕೆ ಮೂಡಿಲ್ಲವಾದರೆ ಹೊಸ ಮಡಿಕೆಯನ್ನು ಹೊಲಿಗೆಯಿಂದ ಕಟ್ಟುತ್ತಾರೆ. ಕಿವಿಯನ್ನು ಬೆರಳಿನಿಂದ ಹಿಂದಕ್ಕೆ ಒತ್ತಿ ಮಡಿಕೆ ಎಲ್ಲಿ ಬರಬೇಕೆಂದು ಗುರುತು ಹಾಕಿಕೊಂಡು, ಹಿಂಬದಿಯಿಂದ ಮೃದ್ವಸ್ಥಿಯ ಎರಡು ಕಡೆಗಳನ್ನು ಕರಗದ ದಾರದಿಂದ ಹತ್ತಿರಕ್ಕೆ ಎಳೆದು ಗಂಟು ಹಾಕುತ್ತಾರೆ. ಎದುರಿನಿಂದ ಆ ಜಾಗ ದಿಣ್ಣೆಯಾಗಿ ಏಳುತ್ತದೆ. ಸ್ಕಾಟ್ಲೆಂಡಿನ ಮುಸ್ಟಾರ್ಡೆ 1963ರಲ್ಲಿ ಹೆಸರಾಗಿಸಿದ ಈ ಹೊಲಿಗೆ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಮೃದ್ವಸ್ಥಿ ಬಿರುಸಾಗಿದ್ದರೆ ಹೊಲಿಗೆಯೊಂದೇ ಅದರ ಮರುಜಿಗಿತವನ್ನು ತಡೆಯಲಾರದು. ಆಗ ಮೃದ್ವಸ್ಥಿಯದೇ ಒಂದು ವಿಚಿತ್ರ ಗುಣವನ್ನು ಬಳಸಿಕೊಳ್ಳುತ್ತಾರೆ: ಒಂದು ಮುಖದ ಮೇಲೆ ನವುರಾಗಿ ಗೀರಿದರೆ ಅದು ಗೀರಿದ ಬದಿಗೆ ವಿರುದ್ಧವಾಗಿ ತಾನೇ ಬಾಗುತ್ತದೆ. ಮುಂಬದಿಯಲ್ಲಿ ಗೀರಿದರೆ ಕಿವಿ ಹಿಂದಕ್ಕೆ ಬಾಗುತ್ತದೆ. ಸ್ಟೆನ್‌ಸ್ಟ್ರೋಮ್ ಎಂಬ ವೈದ್ಯರು ಇದನ್ನು ಚಿಕಿತ್ಸೆಗೆ ತಂದದ್ದೂ 1963ರಲ್ಲಿಯೇ.

ದೋಷ ಬಟ್ಟಲಿನ ಆಳದಲ್ಲಿದ್ದರೆ ಮಡಿಕೆ ಕಟ್ಟುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಬಟ್ಟಲಿನ ಹಿಂಬದಿಯನ್ನು, ಕಿವಿಯ ಹಿಂದೆ ಕೈಗೆ ಸಿಗುವ ಎಲುಬಿನ ಮೇಲ್ಪದರಕ್ಕೆ ಹೊಲಿದು ಕಟ್ಟುತ್ತಾರೆ. ಇದನ್ನು ಫರ್ನಾಸ್ ಎಂಬ ವೈದ್ಯರು 1968ರಲ್ಲಿ ಪ್ರಕಟಿಸಿದರು. ಈ ಹೊಲಿಗೆಯನ್ನು ತೀರ ಮುಂದಕ್ಕೆ ಹಾಕಿದರೆ ಬಟ್ಟಲು ಹೊರಳಿ ಕಿವಿಯ ರಂಧ್ರ ಕಿರಿದಾಗುವ ಅಪಾಯವಿದೆಯಾದ್ದರಿಂದ, ಅದರ ಜಾಗ ಕೈಪಳಗಿದವರ ಕೆಲಸ. ಬಟ್ಟಲು ಬಹಳ ಆಳವಾಗಿದ್ದರೆ ಅದರ ಗೋಡೆಯಿಂದ ಬಿದಿಗೆ ಚಂದ್ರನ ಆಕಾರದ ತುಂಡನ್ನು ತೆಗೆಯುವುದೂ ಉಂಟು. ಮೃದ್ವಸ್ಥಿ ಇಲ್ಲದ ಹಾಲೆಯನ್ನು ತಿದ್ದಲು ಅದರ ಹಿಂದಿನ ಚರ್ಮವನ್ನು ಬೇರೆಯಾಗಿ ಸರಿಪಡಿಸಬೇಕು. ಅದನ್ನು ಮರೆತರೆ ಕಿವಿಯ ನಡುಭಾಗ ಮಾತ್ರ ಒಳಗೆ ಹೋಗಿ, ಮೇಲಿನ ತುದಿಯೂ ಹಾಲೆಯೂ ಹಳೆಯ ಕಾಲದ ಟೆಲಿಫೋನಿನ ಕೈಹಿಡಿಯಂತೆ ಮುಂದಕ್ಕೆ ಉಳಿಯುತ್ತವೆ. ವೈದ್ಯರು ಆ ದೋಷವನ್ನು ಟೆಲಿಫೋನ್ ಕಿವಿ ಎಂದೇ ಕರೆಯುತ್ತಾರೆ.

ಎರಡೂ ಕಿವಿಗೆ ಸೇರಿ ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಕೆಲಸ ಚೆನ್ನಾಗಿದೆಯೇ ಎಂದು ನೋಡುವಾಗ ವೈದ್ಯರು ಎದುರಿಗೆ ನಿಂತು ಕಿವಿಯ ಹೊರಅಂಚು ಒಳಮಡಿಕೆಯ ಆಚೆಗೆ ಇಣುಕುತ್ತಿದೆಯೇ ಎಂದು ಗಮನಿಸುತ್ತಾರೆ. ಅಂಚು ಮರೆಯಾಗುವಷ್ಟು ಬಿಗಿದರೆ ಕಿವಿ ತಲೆಗೆ ಅಂಟಿಸಿದಂತೆ ಕಾಣುತ್ತದೆ, ಮತ್ತು ಅತಿಯಾಗಿ ಒತ್ತಿದ್ದನ್ನು ಬಿಡಿಸುವುದು ಕಡಿಮೆ ಒತ್ತಿದ್ದನ್ನು ಸರಿಪಡಿಸುವುದಕ್ಕಿಂತ ಕಷ್ಟ. ಎರಡು ಕಿವಿಗಳ ನಡುವೆ ಮೂರು ಮಿಲಿಮೀಟರಿನೊಳಗಿನ ವ್ಯತ್ಯಾಸವನ್ನು ಸ್ವೀಕಾರಾರ್ಹವೆಂದು ಪರಿಗಣಿಸುತ್ತಾರೆ. ಹುಟ್ಟಿನಿಂದಲೂ ಯಾರ ಎರಡು ಕಿವಿಗಳೂ ಅಚ್ಚೊತ್ತಿದಂತೆ ಒಂದೇ ಸಮ ಇರುವುದಿಲ್ಲ.

## ಛೇದವಿಲ್ಲದ ವಿಧಾನ, ಅಂಟಿಸುವ ಪಟ್ಟಿ

ಜಾಹೀರಾತುಗಳಲ್ಲಿ ಹೇಳುವ ಛೇದವಿಲ್ಲದ ವಿಧಾನ ಸುಳ್ಳಲ್ಲ. ಚರ್ಮವನ್ನು ಕತ್ತರಿಸದೆ, ಸೂಜಿ ತೂರಿದ ಸಣ್ಣ ರಂಧ್ರಗಳ ಮೂಲಕವೇ ಒಳಮಡಿಕೆಯ ಹೊಲಿಗೆಗಳನ್ನು ಹಾಕುವ ಕ್ರಮವದು. ಮೃದ್ವಸ್ಥಿ ಮೆತ್ತಗಿದ್ದು ಮಡಿಕೆಯ ದೋಷ ಮಾತ್ರ ಇರುವವರಿಗೆ ಅದು ಹೊಂದಬಹುದು. ಬಿರುಸಾದ ಕಿವಿಗೂ ಆಳವಾದ ಬಟ್ಟಲಿಗೂ ಅಷ್ಟಾಗಿ ಹೊಂದದು. ಆನ್‌ಲೈನ್ ಅಂಗಡಿಗಳಲ್ಲಿ ಸಿಗುವ ಅಂಟುಪಟ್ಟಿಗಳು ಕಿವಿಯನ್ನು ಅಂಟಿರುವಷ್ಟು ಹೊತ್ತು ಹಿಡಿದಿಡುತ್ತವೆ. ಬೆಳೆದ ಮಗುವಿನಲ್ಲಿ ಅವು ಆಕಾರವನ್ನು ಬದಲಿಸುವುದಿಲ್ಲ, ಬೆವರಿನ ದಿನಗಳಲ್ಲಿ ಚರ್ಮಕ್ಕೆ ಕೆರೆತ ತರುತ್ತವೆ.

## ಕಟ್ಟು, ಬೆವರು ಮತ್ತು ನಮ್ಮ ಬೇಸಿಗೆ

ಆಪರೇಷನ್ ಆದ ಮೇಲೆ ಹೊಸ ಮಡಿಕೆಗಳಲ್ಲಿ ಹತ್ತಿಯನ್ನು ಒತ್ತಿ, ತಲೆಯ ಸುತ್ತ ಕಟ್ಟು ಹಾಕುತ್ತಾರೆ. ಕೆಲವು ವೈದ್ಯರು ಅದನ್ನು ಒಂದೆರಡು ದಿನಕ್ಕೆ ತೆಗೆಯುತ್ತಾರೆ, ಕೆಲವರು ವಾರದವರೆಗೂ ಇಡುತ್ತಾರೆ. ಚರ್ಮದ ಹೊಲಿಗೆಯನ್ನು ಏಳರಿಂದ ಹತ್ತು ದಿನಗಳಲ್ಲಿ ತೆಗೆಯುವುದು ರೂಢಿ. ಕರಗುವ ದಾರ ಹಾಕಿದ್ದರೆ ಆ ಕೆಲಸವೂ ಇಲ್ಲ. ನಂತರ ನಾಲ್ಕರಿಂದ ಆರು ವಾರ ರಾತ್ರಿ ಮಲಗುವಾಗ ಕಿವಿಯ ಮೇಲೆ ಬರುವಂತೆ ಮೆತ್ತನೆಯ ತಲೆಪಟ್ಟಿ ಧರಿಸಬೇಕು, ಏಕೆಂದರೆ ನಿದ್ದೆಯಲ್ಲಿ ಹೊರಳುವಾಗ ಕಿವಿ ಮುಂದಕ್ಕೆ ಮಡಚಿಕೊಂಡರೆ ಹೊಲಿಗೆ ಕಿತ್ತುಬರಬಹುದು. ಅದೇ ಕಾರಣಕ್ಕೆ ಕುಸ್ತಿ, ಕಬಡ್ಡಿಯಂಥ ಆಟಗಳನ್ನೂ ತಲೆಗೆ ಎಳೆದು ಹಾಕುವ ಬಿಗಿ ಹೆಲ್ಮೆಟ್ಟನ್ನೂ ಆ ವಾರಗಳಲ್ಲಿ ದೂರವಿಡಬೇಕು. ಮಗು ಶಾಲೆಗೆ ಮರಳುವಾಗ ಶಿಕ್ಷಕರಿಗೆ ತಿಳಿಸಿಡುವುದೂ ಒಳ್ಳೆಯದು. ಕಿವಿ ಹಿಂಡುವ ಹಳೆಯ ಶಿಕ್ಷೆ ಎಲ್ಲ ಕಡೆಯೂ ಪೂರ್ತಿ ಮರೆಯಾಗಿಲ್ಲ.

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಕಲಬುರಗಿ ಸೀಮೆ ನಮ್ಮದು. ನಲವತ್ತು ಡಿಗ್ರಿ ಮೀರಿದ ಬಿಸಿಲಿನಲ್ಲಿ ತಲೆ ತುಂಬ ಕಟ್ಟು ಹಾಕಿಕೊಂಡಿರುವುದು ಮಗುವಿಗೆ ಹಿಂಸೆ; ಒಳಗೆ ಬೆವರು ನಿಂತರೆ ಕೆರೆತ, ಕೆರೆದುಕೊಂಡರೆ ಗಾಯ. ರಜೆ ದೊರೆಯುತ್ತದೆ ಎಂಬ ಒಂದೇ ಕಾರಣಕ್ಕೆ ಮೇ ತಿಂಗಳನ್ನು ಆರಿಸಿಕೊಳ್ಳುವುದಕ್ಕಿಂತ, ತುರ್ತಿಲ್ಲದ ಈ ಆಪರೇಷನ್ನಿಗೆ ದಸರಾ ರಜೆಯೋ ಚಳಿಗಾಲದ ಕೆಲವು ದಿನಗಳೋ ಹೆಚ್ಚು ಅನುಕೂಲ ಎಂಬುದು ನನ್ನ ಎಣಿಕೆ. ಬೇಸಿಗೆಯಲ್ಲಿಯೇ ಆಗಬೇಕಾದರೆ ಮಗುವನ್ನು ತಂಪಾದ ಕೋಣೆಯಲ್ಲಿರಿಸುವ ವ್ಯವಸ್ಥೆಯನ್ನು ಮೊದಲೇ ಯೋಚಿಸಿಕೊಳ್ಳಬೇಕು.

## ಏನೇನು ಕೆಡಬಹುದು

ಅಪಾಯಗಳು ಹೆಚ್ಚಿಲ್ಲ, ಆದರೆ ಕೆಲವು ಗಂಟೆಗಳಲ್ಲಿಯೇ ಗುರುತಿಸಬೇಕಾದಂಥವು ಇವೆ. ಚರ್ಮ ಮತ್ತು ಮೃದ್ವಸ್ಥಿಯ ನಡುವೆ ರಕ್ತ ಹೆಪ್ಪುಗಟ್ಟುವುದು ಅವುಗಳಲ್ಲಿ ಮೊದಲನೆಯದು. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಮೇಲಿನ ಪದರದಿಂದಲೇ ಅದಕ್ಕೆ ಪೋಷಣೆ; ನಡುವೆ ರಕ್ತ ನಿಂತರೆ ಅದು ಸಾಯತೊಡಗುತ್ತದೆ ಮತ್ತು ಪೈಲ್ವಾನರ ಕಿವಿಯಲ್ಲಿ ಕಾಣುವಂತೆ ಮುದುಡಿಕೊಳ್ಳುತ್ತದೆ. ಮೊದಲ ಒಂದೆರಡು ದಿನಗಳಲ್ಲಿ ಒಂದೇ ಕಿವಿಯಲ್ಲಿ ನೋವು ಏರುತ್ತ ಹೋಗಿ ಮಾತ್ರೆಗೂ ಜಗ್ಗದಿದ್ದರೆ, ಕಟ್ಟನ್ನು ಬಿಚ್ಚಿ ನೋಡಲೇಬೇಕು. ಎರಡೂ ಕಿವಿಗೆ ಸಮನಾದ ಸಾಧಾರಣ ನೋವು ಬೇರೆ, ಇದು ಬೇರೆ. ಸೋಂಕು ಸಾಮಾನ್ಯವಾಗಿ ಅದಕ್ಕಿಂತ ತುಸು ತಡವಾಗಿ ಕಾಣಿಸುತ್ತದೆ: ಕೆಂಪು, ಬಿಸಿ, ಕೀವು, ಜ್ವರ. ಮೃದ್ವಸ್ಥಿಗೆ ತಗುಲಿದ ಸೋಂಕನ್ನು ಮನೆಯ ಮುಲಾಮಿನಿಂದ ವಾಸಿಮಾಡಲಾಗದು. ಬುಗಡಿಗಾಗಿ ಕಿವಿಯ ಮೇಲಂಚಿನಲ್ಲಿ ಚುಚ್ಚಿಸಿಕೊಂಡಾಗ ಬಾವು ಬಂದು ಕಿವಿ ಕೆಟ್ಟ ಪ್ರಸಂಗಗಳಲ್ಲಿಯೂ ಇದೇ ಬಗೆಯ ಸೋಂಕು ಇರುತ್ತದೆ. ಹಾಲೆಯ ಚುಚ್ಚು ಅಷ್ಟು ಅಪಾಯಕರವಲ್ಲದಿರುವುದಕ್ಕೆ ಅಲ್ಲಿ ಮೃದ್ವಸ್ಥಿ ಇಲ್ಲದಿರುವುದೇ ಕಾರಣ.

ಗಾಯದ ಕಲೆ ಉಬ್ಬಿ ಗಂಟಾಗಿ ಬೆಳೆಯುವ ಕೀಲಾಯ್ಡ್ ಕಪ್ಪು, ಕಂದು ಮೈಬಣ್ಣದವರಲ್ಲಿ ಹೆಚ್ಚು ಕಾಣುತ್ತದೆ. ಮಗುವಿಗೋ ಮನೆಯ ಬೇರೆಯವರಿಗೋ ಕಿವಿ ಚುಚ್ಚಿದ ಕಡೆ ಅಂಥ ಗಂಟು ಬೆಳೆದಿದ್ದರೆ, ಕೇಳದಿದ್ದರೂ ವೈದ್ಯರಿಗೆ ಹೇಳಬೇಕು. ಆಪರೇಷನ್ನನ್ನೇ ಕೈಬಿಡುವಂಥ ಕಾರಣ ಅದಾಗಬಹುದು. ರಕ್ತವನ್ನು ತೆಳುವಾಗಿಸುವ ಆಸ್ಪಿರಿನ್‌ನಂಥ ಮಾತ್ರೆಗಳ ವಿಷಯವೂ, ದೊಡ್ಡವರಾದರೆ ಬೀಡಿ-ಸಿಗರೇಟು, ಗುಟ್ಕಾ ಅಭ್ಯಾಸವೂ ಮೊದಲೇ ತಿಳಿದಿರಬೇಕಾದ ಸಂಗತಿಗಳು, ಏಕೆಂದರೆ ತಂಬಾಕು ಗಾಯ ಮಾಗುವುದನ್ನು ತಡಮಾಡುತ್ತದೆ. ಕಿವಿಯ ಮೇಲೆ ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಸ್ಪರ್ಶ ಮಂದವಾಗಿರುತ್ತದೆ. ಕರಗದ ದಾರದ ಗಂಟು ವರ್ಷಗಳ ನಂತರ ಹಿಂಬದಿಯ ಚರ್ಮದಿಂದ ಇಣುಕಬಹುದು. ಅದನ್ನು ತೆಗೆಯುವುದು ಸುಲಭ. ಒಂದು ಕಿವಿ ಸ್ವಲ್ಪ ಮುಂದಕ್ಕೆ ಮರಳುವುದೂ ಉಂಟು, ಬಾವು ಪೂರ್ತಿ ಇಳಿದು ಆಕಾರ ನೆಲೆಗೊಳ್ಳುವವರೆಗೆ ಕೆಲವು ತಿಂಗಳು ಕಾದು ನಂತರ ಅದನ್ನು ಮತ್ತೆ ತಿದ್ದುವ ವಿಚಾರ ಮಾಡುತ್ತಾರೆ.

## ಖರ್ಚು ಮತ್ತು ವಿಮೆ

ಭಾರತದ ಆರೋಗ್ಯ ವಿಮೆಗಳಲ್ಲಿ ರೂಪಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ ಸಾಮಾನ್ಯ ಹೊರಗಿಡಿಕೆಗಳ ಪಟ್ಟಿಯಲ್ಲಿದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಪುನರ್ರಚನೆ ಅಥವಾ ವೈದ್ಯಕೀಯವಾಗಿ ಅಗತ್ಯವೆಂದು ವೈದ್ಯರು ದೃಢೀಕರಿಸಿದ ಚಿಕಿತ್ಸೆಗೆ ಮಾತ್ರ ವಿನಾಯಿತಿ. ಹಾಗಾಗಿ ಚಾಚಿದ ಕಿವಿಯ ಖರ್ಚನ್ನು ಕೈಯಿಂದಲೇ ಭರಿಸಬೇಕಾಗಬಹುದು ಎಂದು ಎಣಿಸಿಕೊಂಡೇ ಹೊರಡುವುದು ಲೇಸು. ಆಸ್ಪತ್ರೆಯ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ಇಲ್ಲವಾದರೂ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಶೇ 18ರಷ್ಟು ಇದೆ. ಹುಟ್ಟಿನ ದೋಷ, ಬೆಳವಣಿಗೆಯ ವೈಪರೀತ್ಯ ಅಥವಾ ಗಾಯವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯಾದರೆ ವಿನಾಯಿತಿಯುಂಟು. ಬಿಲ್ಲಿನಲ್ಲಿ ಯಾವ ಬಗೆಯಾಗಿ ತೋರಿಸುತ್ತಾರೆ ಎಂದು ಮೊದಲೇ ಕೇಳಿದರೆ ಕೊನೆಯ ಗಳಿಗೆಯ ಗೊಂದಲ ತಪ್ಪುತ್ತದೆ. ಖಾಸಗಿ ಆಸ್ಪತ್ರೆಗಳು ತಮ್ಮ ನೋಂದಣಿ ಸಂಖ್ಯೆಯನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕೆಂದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ.

## ಎಲ್ಲಿ, ಯಾರ ಬಳಿ

ಈ ಆಪರೇಷನ್ನನ್ನು ಪ್ಲಾಸ್ಟಿಕ್ ಸರ್ಜನ್ನರೂ, ಅದರಲ್ಲಿ ಪಳಗಿದ ಕಿವಿ-ಮೂಗು-ಗಂಟಲು ತಜ್ಞರೂ ಮಾಡುತ್ತಾರೆ. ಬಾಗಿಲ ಫಲಕದ ಮೇಲೆ ಎಂ.ಸಿಎಚ್. ಅಥವಾ ಡಿಆರ್‌ಎನ್‌ಬಿ ಪ್ಲಾಸ್ಟಿಕ್ ಸರ್ಜರಿ, ಇಲ್ಲವೇ ಎಂ.ಎಸ್. ಇಎನ್‌ಟಿ ಎಂದಿರಬೇಕು. ಚರ್ಮ ಮತ್ತು ಸೌಂದರ್ಯಕ್ಕೆ ಸಂಬಂಧಿಸಿದ ಚಿಕ್ಕ ಅವಧಿಯ ಡಿಪ್ಲೊಮಾಗಳು ಇದಕ್ಕೆ ಸಾಲವು. ಇಂಥ ಕಿವಿಗಳನ್ನು ಎಷ್ಟು ತಿದ್ದಿದ್ದೀರಿ, ನನ್ನ ಮಗುವಿನದು ಮಡಿಕೆಯ ದೋಷವೋ ಬಟ್ಟಲಿನದೋ ಎಂದು ಕೇಳುವುದು ಅವಿನಯವಲ್ಲ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಮತ್ತು ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು 1963ರಿಂದಲೂ ಇದೆ. ಆಪರೇಷನ್ ಎಲ್ಲಿಯೇ ಆಗಲಿ, ದೋಷ ಯಾವ ಬಗೆಯದು ಎಂಬ ಮೊದಲ ಪರೀಕ್ಷೆಗೆ ಹತ್ತಿರದ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿದರೆ ಸಾಕು. ಮುಂದಿನದಕ್ಕೆ ಬೀದರಿನವರು ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿಗೂ, ಕಲಬುರಗಿಯ ಕೆಲವರು ಸುಮಾರು 110 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೂ ಹೋಗುವುದಿದೆ. ಹಾಗೆ ಹೋಗುವವರು ಆಪರೇಷನ್ನಿನ ದಿನವೊಂದನ್ನೇ ಲೆಕ್ಕ ಹಾಕಬಾರದು. ರಕ್ತ ಹೆಪ್ಪುಗಟ್ಟುವ ಭಯವಿರುವ ಮೊದಲೆರಡು ದಿನ ಅದೇ ಊರಿನಲ್ಲಿ ಉಳಿಯಬೇಕು, ಕಟ್ಟು ಬಿಚ್ಚಲು, ಹೊಲಿಗೆ ತೆಗೆಯಲು ಮತ್ತೆ ಹೋಗಬೇಕು. ಆ ಎರಡನೆಯ ಕೆಲಸವನ್ನು ಊರಿನ ವೈದ್ಯರಿಂದಲೇ ಮಾಡಿಸುವುದಾದರೆ, ಯಾವ ಹೊಲಿಗೆ ಎಲ್ಲಿದೆ, ಯಾವುದನ್ನು ತೆಗೆಯಬೇಕು, ಯಾವುದು ಒಳಗೆ ಉಳಿಯಬೇಕಾದ ಕರಗದ ದಾರ ಎಂಬುದು ಡಿಸ್ಚಾರ್ಜ್ ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆದಿರುವಂತೆ ಹೊರಡುವ ಮುಂಚೆಯೇ ನೋಡಿಕೊಳ್ಳಬೇಕು. ರಾತ್ರಿ ಹೊತ್ತಿನಲ್ಲಿ ನೋವು ಏರಿದರೆ ಕರೆ ಮಾಡಬೇಕಾದ ನಂಬರೂ ಅದರಲ್ಲಿಯೇ ಇರಬೇಕು.